ಮಗ್ಗದ ಗೋಡೆಗೆ ಒರಗಿದ ಡಿಸ್ಕು

ಜನವರಿ 20, ಸೋಮವಾರ

ಮನೀಷಾಳ ಫೋನು ನೀರಿನ ತೊಟ್ಟಿಗೆ ಬಿದ್ದಿದೆ. ಅದರ ಜೊತೆಗೆ ನಾನು ಎಂಟು ತಿಂಗಳು ಗಂಟಲು ಹರಿದುಕೊಂಡು ಓದಿ ಕಳಿಸಿದ ಇತಿಹಾಸವೂ ಬಿದ್ದಿದೆ.

ಬೆಳಿಗ್ಗೆ ಅವಳಪ್ಪ ಪರಮಾನಂದ ಮುಧೋಳದಿಂದ ಫೋನ್ ಮಾಡಿ ಹೇಳಿದ. ನಾನು ಪಿಯು ಕಾಲೇಜಿನ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದಾಗ ಅವನು ನನ್ನ ಕೈಕೆಳಗಿದ್ದ. ಮಗಳಿಗೆ ಹುಟ್ಟಿನಿಂದ ಕಣ್ಣಿಲ್ಲ. ಈಗ ಪಿಯು ಎರಡನೇ ವರ್ಷ. ಉಳಿದ ವಿಷಯಗಳನ್ನು ಗೆಳತಿಯರು ಓದಿ ಹೇಳುತ್ತಾರೆ. ಇತಿಹಾಸ ನನ್ನ ಪಾಲು: ಪಾಠ ಓದಿ, ದನಿ ಮುದ್ರಿಸಿ ಕಳಿಸುವುದು. ನಿವೃತ್ತನಾದ ಮೇಲೆ ಯಾರಿಗಾದರೂ ಉಪಕಾರ ಮಾಡೋಣವೆಂದು ನಾನೇ ಒಪ್ಪಿಕೊಂಡದ್ದು. ಇತಿಹಾಸದ ಪರೀಕ್ಷೆ ಮಾರ್ಚ್ ಏಳಕ್ಕೆ. ಪಾಸಾದರೆ ಧಾರವಾಡದ ಕಾಲೇಜು, ಹಾಸ್ಟೆಲ್ಲು. ಫೇಲಾದರೆ ಮನೆಯಲ್ಲಿ ಕೂಡಿಸುವುದು ಎಂದು ಅವಳ ಅಜ್ಜಿ ಹೇಳಿಬಿಟ್ಟಿದ್ದಾಳೆ.

"ಚಿಂತಿ ಮಾಡಬ್ಯಾಡೋ, ಮೂಲ ಪ್ರತಿ ನನ್ನ ಹಂತ್ಯಾಕ ಐತಿ," ಎಂದೆ. ಓದಿದ್ದೆಲ್ಲ ಹೊರಗಿನ ಹಾರ್ಡ್ ಡಿಸ್ಕಿನಲ್ಲಿದೆ. ಅಂಗೈ ಅಗಲದ ಕಪ್ಪು ಡಬ್ಬಿ, ವಯರಿನಿಂದ ಕಂಪ್ಯೂಟರಿಗೆ ಚುಚ್ಚುವುದು.

"ಹಂಗಾರ ಆ ಡಬ್ಬೀನ ಕೊಡ್ರಿ ಸಾಹೇಬ್ರ, ನಾ ಬಂದು ಒಯ್ತೀನಿ," ಎಂದ. ಕೊಡುವುದಿಲ್ಲ ಎಂದೆ. ಮೂಲ ಕಡತ ಕಚೇರಿ ದಾಟಬಾರದು, ನಕಲು ಮಾತ್ರ ಹೋಗಬೇಕು. ಮೂವತ್ತೊಂದು ವರ್ಷ ನಾನು ಈ ನಿಯಮ ಮುರಿದಿಲ್ಲ. ಅಷ್ಟೂ ಪಾಠ ಫೋನಿನಲ್ಲಿ ಹೋಗುವುದಿಲ್ಲ; ಪೆನ್ ಡ್ರೈವಿಗೆ ನಕಲು ಮಾಡಿ ಕಳಿಸುತ್ತೇನೆ, ಅರ್ಧ ದಿನದ ಕೆಲಸ.

ಜನವರಿ 22, ಬುಧವಾರ

ನಿನ್ನೆ ತಡರಾತ್ರಿ ಕೂತು ಮಾಡಿ, ನಕಲು ಆಯಿತು. ಪರದೆಯ ಮೇಲೆ ನೂರು ಅಂತ ಬಂತು, ಕಿತ್ತೆ, ಬೆಳಿಗ್ಗೆ ಲಕೋಟೆಗೆ ಹಾಕಿ ಅಂಟಿಸಿ ಮುಧೋಳದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಹುಡುಗಿ ಈಗ ಖುಷಿಯಾಗಿ ಫೋನ್ ಮಾಡಬೇಕು. ಇನ್ನೂ ಮಾಡಿಲ್ಲ. ಈಗಿನ ಮಕ್ಕಳಿಗೆ ಉಪಕಾರ ಸ್ಮರಣೆ ಕಡಿಮೆ.

ಜನವರಿ 24, ಶುಕ್ರವಾರ

ಮನೀಷಾ ಅಪ್ಪನ ಫೋನಿನಿಂದ ಮಾಡಿದಳು. "ಕಾಕಾ, ಕಡತದ ಹೆಸರು ಎಲ್ಲಾ ಅದಾವ್ರಿ, ಒಳಗ ದನಿನ ಇಲ್ಲ."

ನಾನು ರೇಗಿದೆ. ನೂರು ಆಗಿದ್ದನ್ನು ಈ ಕಣ್ಣಿನಿಂದ ನೋಡಿದ್ದೇನೆ ಎಂದೆ. ಅವಳು ಮೆಲ್ಲಗೆ ಹೇಳಿದಳು: ಕಂಪ್ಯೂಟರನ್ನು ನಡೆಸುವ ಈ ಲಿನಕ್ಸ್ ನೂರು ಅನ್ನುವಾಗ ಎಲ್ಲವೂ ಅದರ ನೆನಪಿನಲ್ಲಿರುತ್ತದೆ, ಪೆನ್ ಡ್ರೈವಿಗೆ ಇನ್ನೂ ಇಳಿಸುತ್ತಲೇ ಇರುತ್ತದೆ. 'ಸಿಂಕ್' ಎಂದು ಬರೆದು ಎಂಟರ್ ಒತ್ತಿ, ಅದು ಮುಂದೇನು ಎಂದು ತಿರುಗಿ ಕೇಳುವ ತನಕ ಕಾಯಬೇಕು. ಅಂದರೆ ಸಹಿ ಬೀಳುವ ಮೊದಲೇ ಕಡತ ಎತ್ತಿಕೊಂಡು ಓಡಿದವನು ನಾನು. ಕಚೇರಿಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನೋಟಿಸು ಕೊಡುತ್ತಿದ್ದೆ.

ಈ ಲಿನಕ್ಸೂ ಅವಳದೇ ಹಟ. ಅವಳ ಲ್ಯಾಪ್‌ಟಾಪಿನಲ್ಲಿ ಅದು ಪರದೆಯ ಮೇಲಿದ್ದುದನ್ನೆಲ್ಲ ಓದಿ ಹೇಳುತ್ತದಂತೆ, ಕಾಸಿಲ್ಲದೆ. ಇಬ್ಬರದೂ ಒಂದೇ ಇದ್ದರೆ ಕೆಟ್ಟಾಗ ಫೋನಿನಲ್ಲೇ ದಾರಿ ಹೇಳಬಹುದು ಎಂದಿದ್ದಳು. ಹದಿನೆಂಟರ ಹುಡುಗಿ ನನಗೆ ದಾರಿ ಹೇಳುವುದು!

ಜನವರಿ 27, ಸೋಮವಾರ

ಇನ್ನೊಂದು ಪೆನ್ ಡ್ರೈವಿಗೆ ಮತ್ತೆ ನಕಲು ಹಚ್ಚಿ ಸಿಂಕ್ ಕೊಟ್ಟೆ. ಕಾದೆ. ಯಂತ್ರ ಉತ್ತರಿಸಲಿಲ್ಲ. ಎರಡು ಪಾಠ ದಾಟುವುದರೊಳಗೆ ಮೌಸ್ ನಿಂತಿತು, ಗಡಿಯಾರ ನಿಂತಿತು, ಕೊನೆಗೆ ಇಡೀ ಪರದೆ ಕಲ್ಲಾಯಿತು. ಬಟನ್ ಒತ್ತಿ ಬಂದ್ ಮಾಡಿ ಮತ್ತೆ ಶುರು ಮಾಡಿದೆ. ಮತ್ತೆ ಅದೇ ಕಥೆ. ನಾಲ್ಕು ಸಲ.

"ಹೊಡದ್ರ ಅದೇನ ಓಡತೈತೇನ್ರಿ?" ಎಂದು ಯಂಕವ್ವ ಕೇಳಿದಳು. ನಾನು ಹೊಡೆದಿರಲಿಲ್ಲ, ತಟ್ಟಿದ್ದೆ. ಮೂವತ್ತಾರು ವರ್ಷ ಸಂಸಾರ ಮಾಡಿದರೂ ಹೆಂಡತಿಗೆ ಈ ಎರಡರ ವ್ಯತ್ಯಾಸ ತಿಳಿದಿಲ್ಲ.

ಜನವರಿ 28, ಮಂಗಳವಾರ

ಜಮಖಂಡಿಗೆ ಹೋಗಿ ಹಣಮಂತನ ಅಂಗಡಿಯಿಂದ ಹೊಸ ವಯರ್ ತಂದೆ. "ನೂರಕ್ಕ ತೊಂಬತ್ತು ಸಲ ತಪ್ಪು ಈ ವಯರಿಂದ ಇರತೈತ್ರಿ," ಎಂದ.

ಜನವರಿ 29, ಬುಧವಾರ, ಅಮಾವಾಸ್ಯೆ

ಹಣಮಂತ ಗಂಡಸು! ಹೊಸ ವಯರ್ ಚುಚ್ಚಿ ಮೊದಲ ಐದು ಪಾಠ ಹಾಕಿ ನೋಡಿದೆ. ಸರ್ರನೆ ಹೋದವು. ಸಿಂಕ್ ಎಂದೆ, ಎಂಟರ್ ಒತ್ತಿದ ಬೆರಳು ಎತ್ತುವುದರೊಳಗೆ ತಿರುಗಿ ಕೇಳಿತು.

ಅಷ್ಟರಲ್ಲಿ ಯಂಕವ್ವ, "ಇವತ್ತ ಅಮಾಸಿ, ಮಗ್ಗದ ಮಂದೀನ ಮಿಷನ್ ಮುಟ್ಟೂದಿಲ್ಲ, ನೀವೇನ್ ಅದರ ಮುಂದ ಕುಂತೀರಿ, ಏಳ್ರಿ," ಎಂದಳು. ಹಿತ್ತಲಿನ ಶೆಡ್ಡಿನಲ್ಲಿ ತಮ್ಮ ಮುತ್ತಪ್ಪನ ಎಂಟು ಕರೆಂಟಿನ ಮಗ್ಗಗಳಿವೆ. ಅಮಾವಾಸ್ಯೆಗೆ ಅವು ಬಂದ್. ಕಾಯಿಲೆ ವಾಸಿಯಾಗಿದೆ, ಉಳಿದದ್ದು ನಾಳೆ ಮಾಡಿದರಾಯಿತು ಎಂದು ಎದ್ದೆ. ಐದು ಪಾಠ ಸಂಜೆಯ ಬಸ್ಸಿಗೆ ಕೊಟ್ಟೆ.

ಜನವರಿ 30, ಗುರುವಾರ

ಮತ್ತೆ ಕಲ್ಲಾಯಿತು. ಹಣಮಂತನ ಬಗ್ಗೆ ನಿನ್ನೆ ಬರೆದದ್ದನ್ನು ಹಿಂತೆಗೆದುಕೊಳ್ಳಲಾಗಿದೆ.

ಫೆಬ್ರವರಿ 2, ಭಾನುವಾರ

ಐದು ಪಾಠ ಮುಟ್ಟಿದವೆಂದು ಹುಡುಗಿ ಫೋನ್ ಮಾಡಿದಳು. ಥ್ಯಾಂಕ್ಸ್ ಎಂದಳು. ಆಮೇಲೆ, "ಕಾಕಾ, ಮೂರನೇ ಪಾಠ ಇನ್ನೊಮ್ಮೆ ಓದಿ ಕಳಸ್ತೀರೇನ್ರಿ? ನನಗ ನೆನಪ ಉಳಿವಲ್ದು," ಎಂದಳು.

ಇದು ಮೊದಲನೆಯ ಸಲವಲ್ಲ. ಜೂನಿನಿಂದ ಎಷ್ಟೋ ಪಾಠಗಳನ್ನು ಎರಡೆರಡು ಸಲ ಓದಿಸಿದ್ದಾಳೆ. "ತಲ್ಯಾಗ ಏನ್ ತುಂಬಕೊಂಡೀ? ಪರೀಕ್ಷಾ ಒಂದ ತಿಂಗಳ ಐತಿ," ಎಂದು ಬೈದೆ. "ಹೌದ್ರಿ ಕಾಕಾ, ತಪ್ಪಾತ್ರಿ," ಎಂದಳು. ಬೈಯುವುದು ಅವಳ ಒಳ್ಳೆಯದಕ್ಕೇ. ಆದರೂ ಊಟ ಸೇರಲಿಲ್ಲ.

ಫೆಬ್ರವರಿ 6, ಗುರುವಾರ

ಮನೀಷಾ ಇವತ್ತು ಎರಡು ಗಂಟೆ ಫೋನಿನಲ್ಲಿದ್ದಳು. ಮೊದಲು ಡಿಸ್ಕನ್ನು ಕಂಪ್ಯೂಟರಿನ ಮುಂದಿನ ತೂತಿನಿಂದ ಹಿಂದಿನ ತೂತಿಗೆ ಹಾಕಿಸಿದಳು. ಆಗಲಿಲ್ಲ. ಆಮೇಲೆ ಒಂದು ಸಾಲು ಬರೆಸಿದಳು: ಈ ಡಿಸ್ಕಿನ ಜೊತೆ ಹೊಸ ರೀತಿ ಬೇಡ, ಹಳೆಯ ನಿಧಾನದ ರೀತಿಯಲ್ಲೇ ವ್ಯವಹರಿಸು ಎಂದು ಯಂತ್ರಕ್ಕೆ ಹೇಳುವ ಸಾಲಂತೆ. ಅದರಿಂದಲೂ ಆಗಲಿಲ್ಲ. ಕೊನೆಗೆ ಕಪ್ಪು ಕಿಟಕಿಯೊಂದನ್ನು ತೆಗೆಸಿದಳು. ಯಂತ್ರ ತನ್ನೊಳಗೆ ಆಗುವುದನ್ನೆಲ್ಲ ಅಲ್ಲಿ ಸಾಲು ಸಾಲಾಗಿ, ಪ್ರತಿ ಸಾಲಿನ ಮೊದಲಿಗೆ ಸೆಕೆಂಡಿನ ಲೆಕ್ಕ ಹಾಕಿ, ಬರೆಯುತ್ತಾ ಹೋಗುತ್ತದೆ. ನಾನು ಒಂದೊಂದೇ ಸಾಲನ್ನು ಅವಳಿಗೆ ಓದಿ ಹೇಳಿದೆ. ಡಿಸ್ಕು ನಡುನಡುವೆ ಕೈಬಿಟ್ಟು ಹೋಗಿ ಮತ್ತೆ ಬರುತ್ತಿದೆ, 'ರಿಸೆಟ್, ರಿಸೆಟ್' ಎಂದು ಬಿದ್ದಿತ್ತು.

"ಮೊದಲನೇ ರಿಸೆಟ್ ನಾನೂರಾ ಹನ್ನೆರಡಕ್ಕ ಬಂದಿತ್ರಿ, ಎರಡನೇದು ನಾನೂರಾ ಐವತ್ತೇಳಕ್ಕ. ಈಗಿಂದು ಎಷ್ಟರಾಗ ಐತ್ರಿ?" ಎಂದು ಕೇಳಿದಳು. ಅರ್ಧ ಗಂಟೆಯ ಹಿಂದೆ ನಾನು ಓದಿದ ಅಂಕಿ, ಒಂದೂ ತಪ್ಪಿಲ್ಲ. ನಾನೇ ಮರೆತಿದ್ದೆ. ಈ ಹುಡುಗಿಗೆ ಅಂಕಿ ಉಳಿಯುತ್ತವೆ, ಇತಿಹಾಸ ಮಾತ್ರ ಉಳಿಯುವುದಿಲ್ಲ ಎಂದರೆ ವಿಚಿತ್ರವೇ.

ಫೆಬ್ರವರಿ 8, ಶನಿವಾರ

ಕಾರಣ ಸಿಕ್ಕಿತು! ಸಿಕ್ಕಿದ್ದು ನನಗಲ್ಲ.

ಬೆಳಿಗ್ಗೆ ಏಳಕ್ಕೆ ಫೋನ್ ಹಚ್ಚಿ ನಕಲು ಶುರು ಮಾಡಿದೆ. ಮೊದಲ ಹತ್ತು ನಿಮಿಷ ಓಡಿತು. ಆಮೇಲೆ "ನಿಂತಿತು" ಎಂದೆ.

"ಕಾಕಾ, ಈಗ ಹಿಂದ ಏನ ಶುರು ಆತ್ರಿ?"

"ಏನೂ ಶುರು ಆಗಿಲ್ಲವ್ವ."

"ಆತಲ್ರಿ. ಖಟಾಖಟ್ ಅಂತ."

ಕಿವಿಗೊಟ್ಟೆ. ಏನೂ ಇಲ್ಲ ಎಂದೆ. "ಇಲ್ಲಿಗೇ ಕೇಳಾಕತ್ತೈತ್ರಿ ಕಾಕಾ!" ಎಂದಳು. ಯಂಕವ್ವನನ್ನು ಕರೆದು ಏನಾದರೂ ಸದ್ದು ಕೇಳುತ್ತದೆಯೇ ಎಂದರೆ ಅವಳೂ ಇಲ್ಲ ಎಂದಳು. ಆಮೇಲೆ ಅವಳೇ ಹಣೆ ಬಡಿದುಕೊಂಡು, "ಅಯ್ಯ, ಮಗ್ಗ ಅಲ್ರೀ!" ಎಂದಳು.

ಮಗ್ಗ. ನಾನು ಹುಟ್ಟಿದಾಗಿನಿಂದ ಇರುವ ಸದ್ದು. ಓಣಿ ಓಣಿಗೂ ನೇಕಾರರಿರುವ ನಮ್ಮ ಬನಹಟ್ಟಿಯಲ್ಲಿ ಮಗ್ಗ ಕೇಳಿಸುತ್ತಿದೆ ಎಂದು ಯಾರಾದರೂ ಹೇಳುತ್ತಾರೆಯೇ?

"ನಿಮ್ಮ ಡಿಸ್ಕ್ ಎಲ್ಲಿ ಇಟ್ಟೀರ್ರಿ?" ಎಂದು ಕೇಳಿದಳು. ಗೋಡೆಯಲ್ಲಿ ಕೂಡಿಸಿದ ಕಲ್ಲಿನ ಹಲಗೆಯ ಮೇಲೆ. ಆ ಗೋಡೆಯ ಆಚೆ ಮುತ್ತಪ್ಪನ ಶೆಡ್ಡು. ಹಲಗೆಯ ಮೇಲೆ ಕೈ ಇಟ್ಟೆ. ಕಲ್ಲು ಜುಮ್ಮೆನ್ನುತ್ತಿತ್ತು. ಡಿಸ್ಕಿನೊಳಗೆ ಓದುವ ಮುಳ್ಳಿನ ಕೆಳಗೆ ಕೂದಲಿಗಿಂತ ಸಣ್ಣ ಅಂತರದಲ್ಲಿ ತಿರುಗುವ ತಟ್ಟೆಯಿದೆಯಂತೆ, ಹೀಗೆ ನಡುಗಿದರೆ ಅದು ಓದಲಾರದೆ ಮತ್ತೆ ಮತ್ತೆ ಪ್ರಯತ್ನಿಸುತ್ತದಂತೆ, ವಯರೂ ಅಲುಗಿ ಕೈಬಿಡುತ್ತದಂತೆ. ಅದು ಉತ್ತರ ಕೊಡುವ ತನಕ ಕಂಪ್ಯೂಟರು ಕಾಯುತ್ತಾ ಕಲ್ಲಾಗುತ್ತದೆ. ಅಮಾವಾಸ್ಯೆಯ ದಿನ ಹಣಮಂತನ ವಯರಿನಿಂದ ಏನೂ ಆಗಿರಲಿಲ್ಲ, ಮೊದಲ ನಕಲಿನ ರಾತ್ರಿಯಂತೆಯೇ ಮಗ್ಗ ನಿಂತಿದ್ದವು.

"ದೇವರು ನಿನಗ ಕಿವಿ ಛಲೋ ಕೊಟ್ಟಾನವ್ವ," ಎಂದೆ.

ನಕ್ಕಳು. "ಕುರುಡರ ಕಿವಿ ಅಂತೆಲ್ಲಾ ಬ್ಯಾಡ್ರಿ ಕಾಕಾ. ನಾ ಮುಧೋಳದಾಕಿ, ನಮ್ಮ ಓಣ್ಯಾಗ ಮಗ್ಗ ಇಲ್ಲ, ಅಷ್ಟ."

ಎರಡು ಮಡಿಕೆ ಕೌದಿ ಹಾಸಿ, ಗೋಡೆಯಿಂದ ದೂರ ನಡುಮನೆಯಲ್ಲಿ ಡಿಸ್ಕನ್ನು ಮಲಗಿಸಿದೆ. ಆಚೆ ಎಂಟೂ ಮಗ್ಗ ನಡೆಯುತ್ತಿದ್ದವು. ನಕಲು ಮುಕ್ಕಾಲು ತಾಸಿನಲ್ಲಿ ಮುಗಿಯಿತು. ಸಿಂಕ್ ಕೊಟ್ಟೆ, ತಿರುಗಿ ಕೇಳಿತು. ಯಂಕವ್ವ ಡಿಸ್ಕಿಗೆ ದೃಷ್ಟಿ ತೆಗೆದಳು. ನಾನು ತಡೆಯಲಿಲ್ಲ.

ಮನೀಷಾ ಇಲ್ಲದಿದ್ದರೆ ನಾನು ಇನ್ನೂ ಹತ್ತು ವಯರ್ ತರುತ್ತಿದ್ದೆ. ಫೋನಿನಲ್ಲಿ ಇದನ್ನು ಹೇಳಲು ಆಗಲಿಲ್ಲ, ನಾಚಿಕೆಯಾಯಿತು. ನಾಡಿದ್ದು ನಾನೇ ಮುಧೋಳಕ್ಕೆ ಹೋಗಿ ಕೊಟ್ಟು, ಎದುರಿಗೇ ಹೇಳಿ ಬರುತ್ತೇನೆ. ಡಿಸ್ಕನ್ನೂ ಒಯ್ಯುತ್ತೇನೆ. ನಕಲು ಕೆಟ್ಟರೆ ಅವಳ ಕೈಯಲ್ಲಿ ಮೂಲ ಇರಲಿ.

ಫೆಬ್ರವರಿ 10, ಸೋಮವಾರ

ಪರಮಾನಂದನ ಮನೆಯಲ್ಲಿ ಚಹ, ಚುರಮುರಿ. ಡಿಸ್ಕನ್ನು ಮನೀಷಾಳ ಕೈಗೇ ಕೊಟ್ಟೆ. ಮನೀಷಾ ಲ್ಯಾಪ್‌ಟಾಪಿಗೆ ಪೆನ್ ಡ್ರೈವ್ ತಾನೇ ಚುಚ್ಚಿದಳು, ಯಂತ್ರ ಹೆಸರುಗಳನ್ನು ಓದಿ ಹೇಳಿತು, ಪಟಪಟ ಒತ್ತಿದಳು. ನನಗೆ ಅಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ. "ಒಂದ ಪಾಠ ಹಚ್ಚು, ಕೇಳೂಣು," ಎಂದೆ. ನನ್ನ ದನಿಯ ಬಗ್ಗೆ ನನಗೆ ಮೊದಲಿನಿಂದ ಸ್ವಲ್ಪ ಹೆಮ್ಮೆ.

ಅವಳು ಹಚ್ಚಲು ಹಿಂದೆ ಮುಂದೆ ನೋಡಿದಳು. ನಾನೇ ಒತ್ತಾಯ ಮಾಡಿದೆ.

ಖಟಾಖಟ್ ಖಟಾಖಟ್. ಅದರ ಅಡಿಯಲ್ಲಿ ಎಲ್ಲೋ ಒಬ್ಬ ಮುದುಕ ಗೊಣಗುತ್ತಿದ್ದಾನೆ. ಆ ಮನೆ ಶಾಂತವಾಗಿತ್ತು. ಅಲ್ಲಿ ಕುಳಿತು ನಾನು ಮೊದಲ ಬಾರಿಗೆ ನನ್ನ ಮನೆಯನ್ನು ಕೇಳಿದೆ. ಓದಿದ್ದನ್ನು ಹಿಂದೆ ನಾನೂ ಕೇಳಿ ನೋಡಿದ್ದುಂಟು, ಆದರೆ ಬನಹಟ್ಟಿಯಲ್ಲೇ, ಮಗ್ಗ ನಡೆಯುವಾಗಲೇ.

"ಎಲ್ಲಾ ಹಿಂಗ ಅದಾವೇನವ್ವ?"

"ಎಲ್ಲಾ ಇಲ್ರಿ. ನೀವು ಜೋರ ದನಿಲೆ ಓದಿದ್ದು ಕೇಳಸ್ತಾವ್ರಿ. ಹನ್ನೊಂದ ಪಾಠ ಅಷ್ಟ ತಿಳಿಯೂದಿಲ್ಲ."

"ಮತ್ತ ಯಾಕ ಹೇಳಲಿಲ್ಲ?"

ಅವಳು ಕೀಲಿಮಣೆಯ ಮೇಲೆ ಬೆರಳು ಆಡಿಸುತ್ತಾ ಕುಳಿತಳು. "ನೀವು ಎಷ್ಟ ಮನಸಿನಿಂದ ಓದ್ತೀರಿ ಕಾಕಾ. ಕೇಳಸೂದಿಲ್ಲ ಅಂದ್ರ ನಿಮಗ ಬ್ಯಾಸರ ಆಗಿ ಬಿಟ್ಟಬಿಟ್ರ ಅಂತ ಅಂಜಿಕಿ. ಅದಕ್ಕ ನೆನಪಿಲ್ಲ, ಇನ್ನೊಮ್ಮೆ ಓದ್ರಿ ಅಂತಿದ್ನಿ. ಎರಡನೇ ಸಲ ಓದಿದಾಗ ಅಲ್ಲೀಟ ಇಲ್ಲೀಟ ತಿಳೀತಿತ್ರಿ."

ಹೇಳಬೇಕೆಂದು ಹೋದ ಮಾತು ಹಾಗೆಯೇ ಉಳಿಯಿತು.

ಫೆಬ್ರವರಿ 11, ಮಂಗಳವಾರ

ತಲ್ಯಾಗ ಏನ್ ತುಂಬಕೊಂಡೀ ಎಂದು ಕೇಳಿದ್ದೆ ಅವಳಿಗೆ. ತಪ್ಪಾತ್ರಿ ಎಂದಿದ್ದಳು.

ಫೆಬ್ರವರಿ 12, ಬುಧವಾರ

ಹನ್ನೊಂದು ಪಾಠ, ಇಪ್ಪತ್ತಮೂರು ದಿನ. ಮತ್ತೆ ಓದಬೇಕು. ಎಲ್ಲಿ ಕುಳಿತು ಓದಲಿ? ಈ ಓಣಿಯಲ್ಲಿ ಎಲ್ಲ ಮನೆಗಳಲ್ಲೂ ಮಗ್ಗ. ಇಡೀ ದಿನ ಇದನ್ನೇ ಯೋಚಿಸುತ್ತಾ ಕುಳಿತೆ. ಎಂಟು ತಿಂಗಳಲ್ಲಿ ನಾನು ಮಾಡಿದ ಉಪಕಾರ ಇಷ್ಟು ಎಂದು ಯಂಕವ್ವನಿಗೆ ಹೇಳಿದೆ. ಕಣ್ಣಲ್ಲಿ ನೀರು ಬಂತು, ಬರೆಯಲು ಏನೂ ಸಂಕೋಚವಿಲ್ಲ. ಅವಳು ಎದ್ದು ಹಿತ್ತಲಿಗೆ ಹೋದಳು.

ಸಂಜೆ ಮುತ್ತಪ್ಪ ಬಂದು ಬಾಗಿಲಲ್ಲಿ ನಿಂತ. "ಅಣ್ಣಾ, ನಾಳಿಯಿಂದ ಮುಂಜಾನಿ ಎಂಟರಿಂದ ಹತ್ತರ ತನಕ ಮಗ್ಗ ಬಂದ್. ನೀ ಓದು."

"ಲಗ್ನದ ಸೀಜನ್ನೋ. ಮಂದಿ ಸೀರಿಗೆ ಕಾದಾರ."

"ಆ ಎರಡ ತಾಸು ಸಂಜಿಕಿ ಓಡಸ್ತೀವಿ. ಯಂಕವ್ವ ವೈನಿ ಎಲ್ಲಾ ಹೇಳ್ಯಾರ. ಮಗ್ಗದ ಮಂದೀನೂ ಒಪ್ಯಾರ. ಎಡಕ್ಕಿನ ಮನಿಯವರೂ, ಓಣ್ಯಾಗಿನ ಉಳಿದವರೂ ಹೂಂ ಅಂದ್ರು."

ಇವನು ಹತ್ತನೆಯ ಇಯತ್ತೆಯಲ್ಲೇ ಶಾಲೆ ಬಿಟ್ಟು ಮಗ್ಗಕ್ಕೆ ನಿಂತವನೆಂದು ನಾನು ಎಷ್ಟು ಜನರೆದುರು ಹಗುರಾಗಿ ಮಾತಾಡಿದ್ದೇನೋ. "ಕೂಡ್ರು, ಚಾ ಕುಡಿ," ಎಂದೆ. "ಚಾ ಮಾಡೂದು ವೈನಿ ಅಲ್ಲ?" ಎಂದು ನಗುತ್ತಾ ಹೋದ.

ಫೆಬ್ರವರಿ 13, ಗುರುವಾರ

ಎಂಟಕ್ಕೆ ಮಗ್ಗ ನಿಂತವು. ಈ ಓಣಿ ಇಷ್ಟು ದೊಡ್ಡದಿದೆ ಎಂದು ಗೊತ್ತಿರಲಿಲ್ಲ. ಎಲ್ಲಿಯೋ ಯಾರೋ ಪಾತ್ರೆ ತಿಕ್ಕುವುದು ಕೇಳಿಸಿತು. ಒಂದು ಪಾಠ ಓದಿದೆ, ಪೆನ್ ಡ್ರೈವಿಗೆ ಹಾಕಿ ಬಸ್ಸಿಗೆ ಕೊಟ್ಟೆ. ಸಂಜೆ ಮನೀಷಾಳ ಫೋನು. "ಕಾಕಾ, ನಿಮ್ಮ ದನಿ ಹಿಂಗ ಐತೇನ್ರಿ!" ಎಂದಳು. ಆಗ ಧೈರ್ಯ ಮಾಡಿ ಹೇಳಿದೆ: "ಅವತ್ತ ಬೈದೆ, ತಪ್ಪು ನಂದವ್ವ."

"ಅದನ್ನ ಮೊನ್ನೇನ ಮರತೇನ್ರಿ," ಎಂದಳು.

ಫೆಬ್ರವರಿ 19, ಬುಧವಾರ

ಆರು ಪಾಠ ಮುಗಿದವು. ಹತ್ತಕ್ಕೆ ಹೊರಗೆ ಬಂದರೆ ಮಗ್ಗದ ನಿಂಗಣ್ಣ ಕಟ್ಟೆಯ ಮೇಲೆ ಕಾಯುತ್ತಿದ್ದ. "ಸಾಹೇಬ್ರ, ನಿನ್ನೆ ಕ್ವಾಟಿಗೆ ಮುತ್ತಿಗಿ ಹಾಕಿದ್ರಲ್ರಿ, ಬಿತ್ತೇನ್ರಿ ಅದು?" ಎಂದ. ಗೋಡೆಯ ಆಚೆ ಕುಳಿತು ಎಲ್ಲರೂ ಕೇಳುತ್ತಾರಂತೆ. ಕೋಟೆ ಬಿತ್ತು ಎಂದೆ. ತುಸು ಬೇಸರಪಟ್ಟುಕೊಂಡು ಕೆಲಸಕ್ಕೆ ಹೋದ.

ಈ ಜನ ದಿನಕ್ಕೆ ಎರಡು ತಾಸು ಬಿಟ್ಟುಕೊಟ್ಟು, ಸಂಜೆ ಮನೆಗೆ ತಡವಾಗಿ ಹೋಗುತ್ತಿದ್ದಾರೆ. ಅವರು ಮನೀಷಾಳ ಮುಖ ಕೂಡ ನೋಡಿದವರಲ್ಲ. ಇವರ ಋಣ ಹೇಗೆ ತೀರಿಸಲಿ ಎಂದು ಕೇಳಿದ್ದಕ್ಕೆ ಯಂಕವ್ವ, "ಗಟ್ಟಿಯಾಗಿ ಓದ್ರಿ, ಅವರಿಗೂ ಕೇಳ್ಲಿ," ಎಂದಳು. ನಾಳೆಯಿಂದ ಗೋಡೆಯ ಕಡೆ ಮುಖ ಮಾಡಿ ಕೂರುತ್ತೇನೆ.

ಫೆಬ್ರವರಿ 27, ಗುರುವಾರ, ಅಮಾವಾಸ್ಯೆ

ನಿನ್ನೆ ಶಿವರಾತ್ರಿಯ ಉಪವಾಸ, ಇವತ್ತು ಮಗ್ಗಕ್ಕೆ ಪೂರ್ತಿ ರಜೆ. ಉಳಿದದ್ದೆಲ್ಲ ಓದಿ ಮುಗಿಸಿದೆ. ಕೊನೆಯದು ಹಲಗಲಿ ಬೇಡರ ದಂಗೆ, ನಮ್ಮ ಮುಧೋಳ ತಾಲೂಕಿನದೇ. ರಜೆಯಿದ್ದರೂ ಮೂರು ಜನ ಬಂದು 'ಹಲಗಲಿ ಐತೇನ್ರಿ ಇವತ್ತ?' ಎಂದು ಕೇಳಿ, ಶೆಡ್ಡಿಗೆ ಹೋಗದೆ ನಡುಮನೆಯಲ್ಲೇ ಕುಳಿತರು.

ಮಾರ್ಚ್ 6, ಗುರುವಾರ

ನಾಳೆ.

ಮಾರ್ಚ್ 7, ಶುಕ್ರವಾರ

ಮೊದಲ ಬಸ್ಸಿಗೇ ಹೋದೆ. ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಪರಮಾನಂದನೂ ನಾನೂ ಒಂದು ಬೇವಿನ ಮರದ ಕೆಳಗೆ ನಿಂತಿದ್ದೆವು. ಅವಳು ಬಾಯಿಂದ ಹೇಳುತ್ತಾಳೆ, ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಬರೆಯುತ್ತಾಳೆ. ಪರಮಾನಂದ ನನಗೆ ಮೂರು ಸಲ ನೀರು ಕುಡಿಸಿದ. ಅಪ್ಪ ಅವನೋ ನಾನೋ ಎಂದು ಅನುಮಾನ ಬರುವಂತಿತ್ತು.

ಹೊರಗೆ ಬಂದಳು. "ಒಂದೂ ಬಿಟ್ಟಿಲ್ರಿ ಕಾಕಾ!" ಎಂದಳು. ನನ್ನ ಕೈ ಹಿಡಿದುಕೊಂಡು ನಗಲು ಶುರು ಮಾಡಿದಳು, ನಿಲ್ಲಿಸಲೇ ಇಲ್ಲ. ಏನಾಯಿತು ಎಂದು ಕೇಳಿ ಕೇಳಿ ಸಾಕಾಯಿತು.

ಹಲಗಲಿ ಬಂದಿತ್ತಂತೆ, ಹತ್ತು ಅಂಕಕ್ಕೆ. ಪಾಠವನ್ನು ಅವಳು ಎಷ್ಟು ಸಲ ಕೇಳಿದ್ದಳೆಂದರೆ, ಬರೆಯುವ ಹುಡುಗಿಗೆ ನನ್ನ ದನಿಯ ಏರಿಳಿತದಲ್ಲೇ ಹೇಳುತ್ತಾ ಹೋದಳಂತೆ: ಆಯುಧಗಳನ್ನು ಒಪ್ಪಿಸಬೇಕೆಂದು ಬ್ರಿಟಿಷರು ಆಜ್ಞೆ ಮಾಡಿದರು, ಬೇಡರು ಒಪ್ಪಲಿಲ್ಲ, ಯಂಕವ್ವಾ, ಚಾ ಆರಾಕತ್ತೈತಿ ನೋಡು, ಆಮೇಲೆ ಸೈನ್ಯ ಬಂದು ಊರನ್ನು ಸುತ್ತುವರಿಯಿತು.

ಆ ಹುಡುಗಿ ಅದನ್ನೂ ಬರೆದು, ಪೆನ್ನು ಎತ್ತಿ ಮೆಲ್ಲಗೆ ಕೇಳಿದಳಂತೆ, "ಅಕ್ಕಾ, ಈ ಯಂಕವ್ವ ಹಲಗಲಿಯಾಕಿನೋ, ಕಿತ್ತೂರಿನಾಕಿನೋ?"

ಮಗ್ಗ ನಡೆಯುತ್ತಿದ್ದಾಗ ಓದುವ ನಡುವೆ ನಾನು ಕೂಗಿದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಈಗ ಎಲ್ಲವೂ ಸ್ಪಷ್ಟ.

"ಆಮ್ಯಾಲ?" ಎಂದೆ.

"ಹೊಡದ ಹಾಕಸ್ದೆರಿ ಕಾಕಾ. ಹಾಕ್ಸೂ ಮನಸ ಇರಲಿಲ್ಲ."

ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ನಮ್ಮ ಮನೀಷಾ ಧಾರವಾಡಕ್ಕೆ ಹೋಗುತ್ತಾಳೆ. ಫಲಿತಾಂಶ ಬರುವ ಮೊದಲೇ ಬರೆದಿಡುತ್ತಿದ್ದೇನೆ.

ಮನೆಗೆ ಬಂದು ಯಂಕವ್ವನಿಗೆ ಎಲ್ಲ ಹೇಳಿದೆ. ಸೆರಗು ಬಾಯಿಗೆ ಹಿಡಿದು ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ಆಮೇಲೆ ಕೇಳಿದಳು, "ನನ್ನ ಹೆಸರ ಹೊಡದ ಹಾಕಿದ್ರಂತೇನ್ರಿ?"

"ಹಾಕಿದ್ರಂತ."

"ಹೋಗ್ಲಿ ಬಿಡ್ರಿ. ಒಂದ ಗಳಿಗಿ ಇತಿಹಾಸದಾಗ ಇದ್ನಲ್ಲ."

ಅವಳು ಚಹಕ್ಕೆ ಏಳಲು ಹೋದಳು. ಕೂಡ್ರು ಎಂದು ಹೇಳಿ ನಾನೇ ಒಲೆ ಹಚ್ಚಿದೆ. ಸಕ್ಕರೆಯ ಡಬ್ಬಿ ಎಲ್ಲಿದೆ ಎಂದು ಅವಳನ್ನೇ ಕೇಳಬೇಕಾಯಿತು.